ಯಾರೂ ಮಾತಾಡಿಸಲು ಬಾರದ ದುಃಖ

(ಕಲಬುರಗಿಯ ಪದವಿ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು, ಪೋಷಕರು ಮತ್ತು ಬಡಾವಣೆಯ ಹಿರಿಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ಶರಣು. ಫ್ಯಾನಿನ ಸದ್ದು ಜಾಸ್ತಿ ಇದೆ. ಹಿಂದೆ ಕೂತವರಿಗೆ ಕೇಳಿಸದಿದ್ದರೆ ಕೈ ಎತ್ತಿ, ನಾನೇ ಹತ್ತಿರ ಬರುತ್ತೇನೆ.

ನಮ್ಮ ಕಡೆ ಒಂದು ಮನೆಯಲ್ಲಿ ಸಾವಾದರೆ ಏನಾಗುತ್ತದೆ, ನಿಮಗೆಲ್ಲ ಗೊತ್ತು. ಸುದ್ದಿ ಮುಟ್ಟುವುದೇ ತಡ, ಓಣಿಯ ಜನ ಸೇರುತ್ತಾರೆ. ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಪಕ್ಕದ ಮನೆಯಿಂದ, ಬೀಗರ ಮನೆಯಿಂದ ರೊಟ್ಟಿ, ಪಲ್ಯ, ಅನ್ನ, ಸಾರು ಬರುತ್ತದೆ. ಹೆಣ್ಣುಮಕ್ಕಳು ಹಾಡ್ಯಾಡಿ ಅಳುತ್ತಾರೆ. ರಾತ್ರಿ ಭಜನೆಯವರು ಕೂರುತ್ತಾರೆ. ಮಣ್ಣು ಕೊಟ್ಟ ಮೇಲೂ ಜನ ಬರುವುದು ನಿಲ್ಲುವುದಿಲ್ಲ. ಸೇಡಂನಿಂದ, ಆಳಂದದಿಂದ, ಸೊಲ್ಲಾಪುರದಿಂದ ದಿನಾ ಯಾರಾದರೂ ಮಾತಾಡಿಸಿ ಹೋಗಲು ಬರುತ್ತಾರೆ. ಬಂದವರಿಗೆಲ್ಲ ಮನೆಯವರು ಮೊದಲಿನಿಂದ ಹೇಳಬೇಕು. ಎಷ್ಟೊತ್ತಿಗೆ ಎದೆ ನೋವು ಬಂತು, ಯಾವ ಗಾಡಿ ಮಾಡಿದರು, ದವಾಖಾನೆಯಲ್ಲಿ ಏನಂದರು. ಮುಸ್ಲಿಂ ಮನೆಗಳಲ್ಲೂ ಹಾಗೇ. ನೆರೆಯವರು ಊಟ ಕಳಿಸುತ್ತಾರೆ, ನೆಂಟರು ಪುರ್ಸಾ ಕೊಡಲು, ಅಂದರೆ ಸಮಾಧಾನ ಹೇಳಲು ಬರುತ್ತಾರೆ. ಇನ್ನು ಮೊಹರಂ ನೋಡಿ. ಕ್ರಿಸ್ತಶಕ 680ರಲ್ಲಿ ಕರ್ಬಲಾದಲ್ಲಿ ಸತ್ತವರಿಗಾಗಿ ನಮ್ಮ ಹಳ್ಳಿಗಳಲ್ಲಿ ಎಲ್ಲ ಜಾತಿಯವರು ಸೇರಿ ಕನ್ನಡದಲ್ಲಿ ರಿವಾಯತ್ ಪದ ಹಾಡುತ್ತಾರೆ. ಎಲ್ಲರೂ ಕೂಡಿ ಅಳುವುದು ನಮ್ಮ ಭಾಗಕ್ಕೆ ಚೆನ್ನಾಗಿ ಬರುತ್ತದೆ.

ಇದನ್ನೆಲ್ಲ ಶಾಸ್ತ್ರ, ಸಂಪ್ರದಾಯ ಎಂದು ಮಾಡುತ್ತೇವೆ. ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡಿದವಳು. ಆ ಕಣ್ಣಿನಿಂದ ನೋಡಿದರೆ ಇಲ್ಲಿ ನಡೆಯುತ್ತಿರುವುದು ಬೇರೆಯೇ. ಅಳುವವರನ್ನು ಒಂಟಿಯಾಗಿ ಬಿಡುತ್ತಿಲ್ಲ. ಹಸಿವಿಲ್ಲ ಎಂದರೂ ಎರಡು ತುತ್ತು ಉಣ್ಣಿಸುತ್ತಾರೆ. ಯಾರೋ ಬಂದರು ಎಂದು ಮುಖ ತೊಳೆದು, ಎದ್ದು ಕೂರಬೇಕಾಗುತ್ತದೆ. ಹೇಳಿದ್ದನ್ನೇ ಹತ್ತು ಜನರಿಗೆ ಹೇಳಿ ಹೇಳಿ, ನಂಬಲಾಗದ ಸುದ್ದಿ ನಿಧಾನಕ್ಕೆ ನಂಬುವಂತಾಗುತ್ತದೆ. ದುಃಖ ಹೋಗುವುದಿಲ್ಲ, ಆದರೆ ಮನುಷ್ಯ ಅದರೊಳಗೆ ಮುಳುಗಿಯೂ ಹೋಗುವುದಿಲ್ಲ.

ಆದರೆ ಎಲ್ಲ ದುಃಖಕ್ಕೂ ಹೆಣ ಇರುವುದಿಲ್ಲ ಅಲ್ವಾ?

2022ರಲ್ಲಿ 545 ಪಿಎಸ್‌ಐ ಹುದ್ದೆಗಳ ನೇಮಕಾತಿಯನ್ನು ಅಕ್ರಮದ ಕಾರಣಕ್ಕೆ ಸರ್ಕಾರ ರದ್ದು ಮಾಡಿತು. ತಪ್ಪು ಮಾಡಿದವರ ಮಾತು ಬಿಡಿ. ನೆಟ್ಟಗೆ ಓದಿ, ಪಟ್ಟಿಯಲ್ಲಿ ಹೆಸರು ಬಂದು, ಊರಲ್ಲಿ ಪೇಢೆ ಹಂಚಿದ್ದ ಹುಡುಗರೂ ಇದ್ದರು. ಅವರ ಮನೆಗೆ ಯಾರು ಹೋಗಿ ಕೂತರು? ಅದೇ ವರ್ಷ ನಮ್ಮ ಜಿಲ್ಲೆಯಲ್ಲಿ ತೊಗರಿಗೆ ನೆಟೆ ರೋಗ ಬಿತ್ತು. ಕಾಯಿ ಕಟ್ಟುವ ಹೊತ್ತಿಗೆ ನಿಂತ ಬೆಳೆ ನಿಂತಲ್ಲೇ ಒಣಗಿತು. ಆ ಹೊಲದ ಬದುವಿಗೆ ಅಧಿಕಾರಿಗಳು ಬಂದರು, ಫೋಟೋ ತೆಗೆದರು. ಮಾತಾಡಿಸಲು ಬಂದವರು ಎಷ್ಟು ಜನ? ಬಸಿರು ನಿಲ್ಲದೆ ಹೋದ ಹೆಣ್ಣುಮಗಳಿಗೆ ‘ಇರ್ಲಿ ಬಿಡು, ಮತ್ತ ಆಗ್ತದ’ ಎಂದು ಮೂರನೇ ದಿನಕ್ಕೇ ರೊಟ್ಟಿ ಬಡಿಯಲು ಕೂರಿಸುತ್ತೇವೆ. ನಿಶ್ಚಯ ಮುರಿದರೆ ಬಾಯಿ ಮುಚ್ಚಿಕೊಂಡಿರಬೇಕು. ಮಗ, ಸೊಸೆ ಪುಣೆಗೋ ಬೆಂಗಳೂರಿಗೋ ದುಡಿಯಲು ಹೋದ ಮೇಲೆ ಖಾಲಿ ಮನೆಯಲ್ಲಿ ಕೂತ ಮುದುಕಿಗೆ ‘ನಿಂಗೇನು ಕಡಿಮಿ, ತಿಂಗಳಾ ರೊಕ್ಕ ಬರ್ತದ’ ಎನ್ನುತ್ತೇವೆ.

ಇಂಥ ದುಃಖಕ್ಕೆ ಯಾರೂ ಬುತ್ತಿ ತರುವುದಿಲ್ಲ. ನನ್ನ ಹತ್ತಿರ ಬಂದವರಲ್ಲಿ ಬಹಳ ಮಂದಿ ಇಂಥವರೇ. ಇವತ್ತು ನಾನು ಮಾತಾಡಬೇಕು ಎಂದುಕೊಂಡಿರುವುದೂ ಇದನ್ನೇ. ಸಾವಿನ ಮನೆಯಲ್ಲಿ ಊರು ತಾನಾಗಿ ಮಾಡುವುದನ್ನು ಈ ದುಃಖಗಳಿಗೆ ನಾವೇ ಹೊಂಚಿಕೊಳ್ಳಬೇಕು.

ದುಃಖ ಬಂದರೆ ದೇಹ ಮಂದವಾಗುತ್ತದೆ. ಹಸಿವು ಕಡಿಮೆ, ಮಾತು ಕಡಿಮೆ, ಮೈ ಭಾರ. ಇದು ಸಹಜ. ಏನನ್ನೋ ಕಳೆದುಕೊಂಡ ಮನುಷ್ಯ ಸ್ವಲ್ಪ ನಿಲ್ಲಬೇಕು, ಹಿಂದೆ ಮುಂದೆ ಯೋಚಿಸಬೇಕು. ಬಾಡಿದ ಮುಖ ನೋಡಿದರೆ ಸುತ್ತಲಿನವರೂ ಹತ್ತಿರ ಬರುತ್ತಾರೆ. ಆದ್ದರಿಂದ ಮಾರ್ಕ್ಸ್ ಬಂದ ದಿನ ಮಗಳು ಅತ್ತರೆ ಅಳಲಿ ಬಿಡಿ. ‘ಅಳಬ್ಯಾಡ, ಅಳಬ್ಯಾಡ’ ಎನ್ನುವುದು ನಮಗೆ ನೋಡಲಾಗದೆ ಹೇಳುವ ಮಾತು, ಅವಳಿಗೆ ಬೇಕಾಗಿ ಅಲ್ಲ.

ನಮ್ಮ ಕಡೆ ಇನ್ನೊಂದಿದೆ. ಬೇಜಾರಾಗಿದೆ ಎಂದು ಹೇಳಿಕೊಂಡು ಯಾರೂ ದವಾಖಾನೆಗೆ ಬರುವುದಿಲ್ಲ. ‘ಕೈಕಾಲು ಹರೀತಾವ್ರಿ, ಎದಿ ಡವಡವ ಅಂತದ, ತಲಿ ನೋಯ್ತದ, ಒಂದು ಸಲಾಯಿನ್ ಹಚ್ರಿ’ ಎಂದು ಬರುತ್ತಾರೆ. ರಕ್ತ ನೋಡಿ, ಇಸಿಜಿ ಮಾಡಿ, ‘ನಿಮಗೇನೂ ಆಗಿಲ್ಲ’ ಎಂದು ಕಳಿಸುತ್ತಾರೆ. ಆ ತಾಯಿಗೆ ಅದು ‘ನೀನು ನಾಟಕ ಮಾಡ್ತಿ’ ಎಂದಂತೆ ಕೇಳುತ್ತದೆ. ನಾಟಕ ಖಂಡಿತ ಅಲ್ಲ. ನಿದ್ದೆ ಕೆಟ್ಟು, ಊಟ ಬಿಟ್ಟು, ತಿಂಗಳುಗಟ್ಟಲೆ ಮನಸ್ಸು ಬಿಗಿ ಹಿಡಿದುಕೊಂಡರೆ ಮೈ ನೋಯುತ್ತದೆ. ನೋವು ನಿಜ, ಅದರ ಮೂಲ ಬೇರೆ ಕಡೆ ಇದೆ. ಗಂಡಸರದು ಇನ್ನೊಂದು ದಾರಿ. ಅವರು ಅಳುವುದಿಲ್ಲ, ಸಿಡುಕುತ್ತಾರೆ. ಇಲ್ಲವೇ ಸಂಜೆ ಕುಡಿಯಲು ಹೋಗುತ್ತಾರೆ. ಕುಡಿತ ಒಂದೆರಡು ತಾಸು ಮರೆಸಬಹುದು, ಆದರೆ ನಿದ್ದೆಯನ್ನು ತುಂಡು ಮಾಡುತ್ತದೆ, ಮಾರನೇ ದಿನದ ಮನಸ್ಸನ್ನು ಇನ್ನಷ್ಟು ಕೆಳಗೆ ಎಳೆಯುತ್ತದೆ. ಆ ಲೆಕ್ಕ ಅವರಿಗೆ ಕಾಣುವುದಿಲ್ಲ.

ಈಗ ಬಹಳ ಮುಖ್ಯವಾದ ಜಾಗಕ್ಕೆ ಬರುತ್ತೇನೆ. ಒಬ್ಬರೇ ಮಲಗಿ ಅದನ್ನೇ ಯೋಚಿಸುವುದು. ‘ಯಾಕ ಹಿಂಗಾಯ್ತು, ನಾ ಹಂಗ ಮಾಡಬಾರದಿತ್ತು, ಎಲ್ಲರೂ ಮುಂದ ಹೋದರು.’ ಯೋಚಿಸುವವರಿಗೆ ತಾನು ಏನೋ ಪರಿಹಾರ ಹುಡುಕುತ್ತಿದ್ದೇನೆ ಅನ್ನಿಸುತ್ತದೆ. ಆದರೆ ಗಾಣದ ಎತ್ತು ದಿನವಿಡೀ ನಡೆದರೂ ಯಾವ ಊರನ್ನೂ ಮುಟ್ಟುವುದಿಲ್ಲ. ಇದರ ಬಗ್ಗೆ ಅಮೆರಿಕದಲ್ಲಿ ಒಂದು ಅಧ್ಯಯನ ಆಯಿತು. 1989ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಭೂಕಂಪ ಬಂತು. ಅದಕ್ಕೆ ಎರಡು ವಾರ ಮುಂಚೆ ಸೂಸನ್ ನೋಲೆನ್ ಹೋಕ್ಸೆಮಾ ಎಂಬ ಮನಶ್ಶಾಸ್ತ್ರಜ್ಞೆ ಸ್ಟ್ಯಾನ್‌ಫೋರ್ಡ್ ವಿದ್ಯಾರ್ಥಿಗಳನ್ನು ‘ಬೇಜಾರಾದಾಗ ನೀವು ಏನು ಮಾಡುತ್ತೀರಿ’ ಎಂದು ಕೇಳಿ ಬರೆದಿಟ್ಟುಕೊಂಡಿದ್ದರು. ಭೂಕಂಪದ ಹತ್ತು ದಿನಗಳ ನಂತರ ಒಮ್ಮೆ, ಏಳು ವಾರಗಳ ನಂತರ ಇನ್ನೊಮ್ಮೆ ಅವರನ್ನೇ ವಿಚಾರಿಸಿದರು. ಮೊದಲಿನಿಂದಲೂ ಅದನ್ನೇ ಮೆಲುಕು ಹಾಕುವ ಅಭ್ಯಾಸ ಇದ್ದವರಲ್ಲಿ ಖಿನ್ನತೆ ಜಾಸ್ತಿ ಉಳಿದಿತ್ತು. ಅಂದರೆ ನೆಲ ನಡುಗಿದ್ದಷ್ಟೇ ಲೆಕ್ಕಕ್ಕೆ ಬರಲಿಲ್ಲ, ಆಮೇಲೆ ಒಬ್ಬೊಬ್ಬರು ಏನು ಮಾಡಿದರು ಎಂಬುದೂ ಲೆಕ್ಕಕ್ಕೆ ಬಂತು.

ಹಾಗಾದರೆ ಯೋಚನೆ ಬಿಡು ಎಂದರೆ ಬಿಡುತ್ತದಾ? ಬಿಡುವುದಿಲ್ಲ. ತಲೆಗೆ ಹೇಳಿ ಪ್ರಯೋಜನ ಇಲ್ಲ, ಕೈಕಾಲಿಗೆ ಹೇಳಬೇಕು. ‘ಮನಸ್ಸು ಸರಿ ಹೋಗಲಿ, ಆಮೇಲೆ ಹೊರಗೆ ಹೋಗುತ್ತೇನೆ’ ಎಂದು ಎಲ್ಲರೂ ಹೇಳುತ್ತಾರೆ. ಅದು ಉಲ್ಟಾ. ಮೊದಲು ಹೋಗಬೇಕು, ಮನಸ್ಸು ನಿಧಾನಕ್ಕೆ ಹಿಂದೆ ಬರುತ್ತದೆ. ಇದು ಉಪದೇಶದ ಮಾತಲ್ಲ, ಪರೀಕ್ಷೆ ಮಾಡಿ ನೋಡಿದ್ದು. ನಮ್ಮ ಪಕ್ಕದ ಗೋವಾದಲ್ಲೇ ನೋಡಿದ್ದಾರೆ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ತೀವ್ರ ಖಿನ್ನತೆ ಇದ್ದ 495 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. ಇನ್ನೊಂದಕ್ಕೆ ಅದರ ಜೊತೆ ಆರರಿಂದ ಎಂಟು ಸಲ ಸಮಾಲೋಚನೆ. ಈ ಸಮಾಲೋಚನೆ ಮಾಡಿದವರು ಡಾಕ್ಟರಲ್ಲ, ಮನಶ್ಶಾಸ್ತ್ರ ಓದಿದವರಲ್ಲ, ತರಬೇತಿ ಪಡೆದ ಸ್ಥಳೀಯ ಜನ. ಅವರು ಮುಖ್ಯವಾಗಿ ಮಾಡಿದ್ದು, ನಿಲ್ಲಿಸಿದ ಕೆಲಸಗಳನ್ನು ಒಂದೊಂದಾಗಿ ಮತ್ತೆ ಶುರು ಮಾಡಿಸಿದ್ದು. ಮೂರು ತಿಂಗಳಿಗೆ ಮಾಮೂಲಿ ಗುಂಪಿನಲ್ಲಿ ನೂರಕ್ಕೆ 39 ಜನ ಖಿನ್ನತೆಯಿಂದ ಹೊರಬಂದಿದ್ದರು, ಈ ಗುಂಪಿನಲ್ಲಿ ನೂರಕ್ಕೆ 64. ಈ ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು.

ನಮ್ಮೂರಲ್ಲಿ ಇದನ್ನು ಹೇಗೆ ಮಾಡುವುದು? ಮೇ ತಿಂಗಳಲ್ಲಿ 42, 43 ಡಿಗ್ರಿ ಇರುವಾಗ ಮಧ್ಯಾಹ್ನ ವಾಕಿಂಗ್ ಹೋಗಿ ಎಂದರೆ ನೀವು ನನ್ನನ್ನೇ ದವಾಖಾನೆಗೆ ಸೇರಿಸುತ್ತೀರಿ. ಬೆಳಿಗ್ಗೆ ಬಿಸಿಲು ಏರುವ ಮೊದಲು ಶರಣಬಸವೇಶ್ವರ ಕೆರೆಯ ದಂಡೆಯಲ್ಲಿ ಒಂದು ಸುತ್ತು ಹಾಕಿ. ಅದಾಗದಿದ್ದರೆ ಹಾಲಿನ ಪಾಕೀಟು ನೀವೇ ಹೋಗಿ ತನ್ನಿ. ಅದೂ ಆಗದಷ್ಟು ಸುಸ್ತಾಗಿದ್ದರೆ ಹಾಸಿಗೆ ಮಡಚಿ ಇಡಿ, ಸ್ನಾನ ಮಾಡಿ, ಬಾಗಿಲ ಹೊರಗಿನ ಕಟ್ಟೆಯ ಮೇಲೆ ಕಾಲು ಗಂಟೆ ಕೂರಿ. ಮುಖ್ಯ ಏನೆಂದರೆ ಕೆಲಸ ಸಣ್ಣದಿರಬೇಕು, ಅದಕ್ಕೊಂದು ಹೊತ್ತು ಗೊತ್ತಿರಬೇಕು. ಆ ಹೊತ್ತಿಗೆ ಮನಸ್ಸು ಒಲ್ಲೆ ಎನ್ನುತ್ತದೆ. ‘ಆಯ್ತು, ನೀನು ಒಲ್ಲೆ ಅನ್ನು, ನಾನು ಹೋಗಿ ಬರ್ತೀನಿ’ ಎಂದು ಹೊರಡಿ. ಮೊದಲ ದಿನ ಖುಷಿ ಆಗುವುದಿಲ್ಲ. ಆಗಬೇಕು ಎಂದು ಕಾಯಲೂ ಬೇಡಿ.

ತಗಡಿನ ಪತ್ರಾಸ್ ಮನೆಯಲ್ಲಿ, ಹೊರಗೆ ಹೋಗಲು ಅತ್ತೆಯ ಅಪ್ಪಣೆ ಕೇಳಬೇಕಾದ ಸೊಸೆಗೆ ಈ ಮಾತು ಹೇಗೆ ಹೇಳಲಿ ಎಂದು ನಾನೂ ಯೋಚಿಸಿದ್ದೇನೆ. ಅಂಥವರಿಗೆ ಸ್ವಸಹಾಯ ಸಂಘದ ವಾರದ ಸಭೆ ಬಹಳ ದೊಡ್ಡ ಆಸರೆ. ಸಾಲದ ಕಂತು ಕಟ್ಟಲು ಹೋಗುತ್ತೇನೆ ಎಂದರೆ ಮನೆಯಲ್ಲಿ ಯಾರೂ ಬೇಡ ಅನ್ನುವುದಿಲ್ಲ. ಕಂತು ಕಟ್ಟಿದ ಮೇಲೆ ಅರ್ಧ ಗಂಟೆ ಜಾಸ್ತಿ ಕೂತು ಬನ್ನಿ. ಅದೂ ಚಿಕಿತ್ಸೆಯೇ.

ಸುತ್ತಲಿನವರಿಗೆ ಎರಡು ಮಾತು. ‘ಧೈರ್ಯ ತಗೋ’ ಎನ್ನಬೇಡಿ. ಧೈರ್ಯ ಎಲ್ಲಿ ಸಿಗುತ್ತದೆ ಎಂದು ಗೊತ್ತಿದ್ದರೆ ಅವರೇ ತಂದುಕೊಳ್ಳುತ್ತಿದ್ದರು. ‘ನಿನಗಿಂತ ಕಷ್ಟದಾಗ ಇದ್ದವರಿಲ್ಲೇನು’ ಎನ್ನುವುದು ಇನ್ನೂ ಕೆಟ್ಟದ್ದು. ಅವರು ದುಃಖದ ಜೊತೆ ನಾಚಿಕೆಯನ್ನೂ ಹೊರಬೇಕಾಗುತ್ತದೆ. ಸುಮ್ನೆ ಹೋಗಿ ಕೂರಿ. ಚಹಾ ಮಾಡಿಕೊಡಿ. ‘ಸಂತಿಗೆ ಹೊಂಟೀನಿ, ನೀನೂ ಬಾ, ಒಬ್ಬಾಕಿಗೇ ಚೀಲ ಹೊರಲಿಕ್ಕ ಆಗಂಗಿಲ್ಲ’ ಎಂದು ಎಬ್ಬಿಸಿಕೊಂಡು ಹೋಗಿ. ಸಾವಿನ ಮನೆಗೆ ಹೋಗಲು ನಮಗೆ ಯಾರೂ ಕರೆ ಕಳಿಸುವುದಿಲ್ಲ ಅಲ್ವಾ? ಬೆಳೆ ಹೋದವನ ಮನೆಗೂ ಕರೆ ಇಲ್ಲದೇ ಹೋಗಬಹುದು.

ಇಲ್ಲಿಯವರೆಗೆ ನಾನು ಹೇಳಿದ್ದು ದುಃಖದ ಬಗ್ಗೆ. ದುಃಖ ಕಾಯಿಲೆಯಾಗುವ ಗಡಿಯೂ ಒಂದಿದೆ. ಎರಡು ವಾರ ಅಥವಾ ಅದಕ್ಕಿಂತ ಜಾಸ್ತಿ, ದಿನದ ಬಹುಪಾಲು ಹೊತ್ತು ಮನಸ್ಸು ಕುಗ್ಗಿಯೇ ಇದ್ದರೆ, ಅಥವಾ ಮೊದಲು ಇಷ್ಟವಾಗಿದ್ದ ಯಾವುದರಲ್ಲೂ ರುಚಿ ಉಳಿಯದಿದ್ದರೆ, ಅದರ ಜೊತೆ ನಿದ್ದೆ, ಊಟ, ಶಕ್ತಿ, ಗಮನ ಕೆಟ್ಟಿದ್ದರೆ, ‘ನಾನು ಯಾವುದಕ್ಕೂ ಬಾರದವನು’ ಎನ್ನಿಸುತ್ತಿದ್ದರೆ ವೈದ್ಯರನ್ನು ಕಾಣಬೇಕು. ಸಾಯುವ ಯೋಚನೆ ಬಂದರಂತೂ ಎರಡು ವಾರ ಕಾಯುವ ಪ್ರಶ್ನೆಯೇ ಇಲ್ಲ, ಅವತ್ತೇ ಹೋಗಬೇಕು. ಥೈರಾಯ್ಡ್ ಕಡಿಮೆಯಾಗಿದ್ದರೆ, ರಕ್ತ ಕಡಿಮೆ ಇದ್ದರೆ, ಬಿ12 ಕೊರತೆ ಇದ್ದರೆ ಕೂಡ ಇದೇ ಥರ ಕಾಣುತ್ತದೆ. ಅದಕ್ಕೆ ರಕ್ತಪರೀಕ್ಷೆ ಮಾಡಿಸುತ್ತಾರೆ.

ಇದು ಅಪರೂಪದ ಕಾಯಿಲೆಯಲ್ಲ. ನಿಮ್ಹಾನ್ಸ್‌ನವರು 2015-16ರಲ್ಲಿ 12 ರಾಜ್ಯಗಳಲ್ಲಿ ಸಮೀಕ್ಷೆ ಮಾಡಿದಾಗ ಇಪ್ಪತ್ತು ಜನರಲ್ಲಿ ಒಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ ಬಂದಿತ್ತು. ಖಿನ್ನತೆ ಇದ್ದವರಲ್ಲಿ ನೂರಕ್ಕೆ 85ರಷ್ಟು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್, ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿನ ಮನೋವೈದ್ಯಕೀಯ ವಿಭಾಗಕ್ಕೆ ಹೋದರೆ ‘ಹುಚ್ಚರ ದವಾಖಾನೆಗೆ ಹೋದ’ ಅನ್ನುತ್ತಾರೆ ಎಂಬ ಹೆದರಿಕೆ ಇದೆ. ನಿಜ, ಕೆಲವರು ಅನ್ನುತ್ತಾರೆ. ಅವರು ನಿಮ್ಮ ಮೊಣಕಾಲು ನೋವಿಗೂ ಏನಾದರೂ ಅನ್ನುವವರೇ.

ಮಾತ್ರೆ ಬರೆದುಕೊಟ್ಟರೆ ಒಂದೆರಡು ವಿಷಯ ತಿಳಿದಿರಿ. ತಲೆನೋವಿನ ಗುಳಿಗೆ ಥರ ಅರ್ಧ ಗಂಟೆಗೆ ಕೆಲಸ ಮಾಡುವುದಿಲ್ಲ. ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸುವುದು, ಬಾಯಿ ಒಣಗುವುದು ಇರಬಹುದು. ಬಹಳ ಜನ ಇಲ್ಲೇ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಆರಾಮ ಆದ ತಕ್ಷಣ ಬಿಡುತ್ತಾರೆ. ಆರಾಮ ಆದ ಮೇಲೂ ಕನಿಷ್ಠ ಆರು ತಿಂಗಳು ತೆಗೆದುಕೊಳ್ಳಲು ಹೇಳುತ್ತಾರೆ, ಆಮೇಲೆ ವೈದ್ಯರೇ ನಿಧಾನಕ್ಕೆ ಕಡಿಮೆ ಮಾಡುತ್ತಾರೆ. ನಿದ್ದೆ ಗುಳಿಗೆಯ ಹಾಗೆ ಚಟ ಹತ್ತುವುದಿಲ್ಲ.

ಗಾಣಗಾಪುರಕ್ಕೆ ಹೋಗಿ ಬರುತ್ತೇವೆ, ಬಂದೇನವಾಜರ ದರ್ಗಾಕ್ಕೆ ಹೋಗುತ್ತೇವೆ ಎನ್ನುವವರಿಗೆ ನಾನು ಯಾವತ್ತೂ ಬೇಡ ಅಂದಿಲ್ಲ. ಮನೆಯಿಂದ ಎದ್ದು ಹೊರಟರು, ನಾಲ್ಕು ಜನರ ನಡುವೆ ಕೂತರು, ಅತ್ತರು, ಒಳ್ಳೆಯದೇ. ಹೋಗುವಾಗ ಗುಳಿಗೆ ಚೀಲದಲ್ಲಿರಲಿ. ಯಾರಾದರೂ ಕಟ್ಟಿಹಾಕಿ, ಹೊಡೆದು ಬಿಡಿಸುತ್ತೇವೆ ಎಂದರೆ ಅಲ್ಲಿಂದ ಎದ್ದು ಬನ್ನಿ.

ರೈತರ ಮನೆಯವರಿಗೆ ಒಂದು ಮಾತು, ದಯವಿಟ್ಟು ಕೇಳಿ. ಹೊಲಕ್ಕೆ ಹೊಡೆಯುವ ಎಣ್ಣೆಯ ಡಬ್ಬಿ ಮನೆಯೊಳಗೆ ಇಡಬೇಡಿ. ಕೀಲಿ ಹಾಕಿದ ಪೆಟ್ಟಿಗೆಯಲ್ಲಿ ಬೇರೆ ಕಡೆ ಇಡಿ, ಕೀಲಿಕೈ ಇನ್ನೊಬ್ಬರ ಹತ್ತಿರ ಇರಲಿ. ಸಾಯಬೇಕೆನ್ನುವ ಆ ರಭಸ ಬಹಳ ಸಲ ಸ್ವಲ್ಪ ಹೊತ್ತಿನದು. ಆಗ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಶ್ರೀಲಂಕಾ ಹೆಚ್ಚು ವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತಾ ಬಂತು. ಎರಡು ದಶಕಗಳಲ್ಲಿ ಅಲ್ಲಿ ಆತ್ಮಹತ್ಯೆಯ ಪ್ರಮಾಣ ನೂರಕ್ಕೆ 70ರಷ್ಟು ಇಳಿಯಿತು. ಯಾರಾದರೂ ಅಂಥ ಪ್ರಯತ್ನ ಮಾಡಿದ್ದರೆ, ಕೇಸ್ ಆಗುತ್ತದೆ ಎಂದು ಹೆದರಿ ದವಾಖಾನೆಗೆ ಒಯ್ಯದೆ ಇರಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅವರನ್ನು ತೀವ್ರ ಒತ್ತಡದಲ್ಲಿದ್ದವರು ಎಂದೇ ನೋಡುತ್ತದೆ. ಶಿಕ್ಷೆಯ ಬದಲು ಆರೈಕೆ ಕೊಡುವುದು ಸರ್ಕಾರದ ಕೆಲಸ ಎನ್ನುತ್ತದೆ.

ನನ್ನ ಮಾತು ಇಲ್ಲಿಗೆ ಸಾಕು. ಆಮೇಲೆ ಬಂದ ಪ್ರಶ್ನೆಗಳು ಇವು.

ನಿವೃತ್ತ ಮೇಷ್ಟ್ರೊಬ್ಬರು ಎದ್ದು ನಿಂತರು. ‘ಮೇಡಮ್‌ರೀ, ನಮ್ಮ ಕಾಲದಾಗ ಈ ಡಿಪ್ರೆಶನ್ ಗಿಪ್ರೆಶನ್ ಇರ್ಲಿಲ್ಲ. ನಮ್ಮವ್ವ ಎಂಟು ಮಂದಿ ಮಕ್ಕಳನ್ನ ಸಾಕ್ಯಾಳ, ಒಂದಿನಾನೂ ಬ್ಯಾಸರ ಅಂದಿಲ್ಲ.’

‘ಸರ್, ನಿಮ್ಮ ಅವ್ವ ಬೀಸುವಾಗ ಹಾಡುತ್ತಿದ್ದರೇನು?’ ಎಂದು ಕೇಳಿದೆ. ಹಾಡುತ್ತಿದ್ದರು ಎಂದರು. ಏನು ಹಾಡುತ್ತಿದ್ದರು? ತವರು ನೆನೆದು, ಪಂಚಮಿಗೆ ಕರೆಯಲು ಬಾರದ ಅಣ್ಣನನ್ನು ನೆನೆದು. ನಸುಕಿನಲ್ಲಿ ಇಬ್ಬರು ಹೆಂಗಸರು ಎದುರುಬದುರು ಕೂತು ಕಲ್ಲು ತಿರುವುತ್ತಾ ತಮ್ಮ ಸಂಕಟವನ್ನೆಲ್ಲ ಹಾಡಿಕೊಂಡರು. ಕೈಗೆ ಕೆಲಸ, ಎದುರಿಗೆ ಜೊತೆ, ಬಾಯಿಗೆ ಮಾತು. ನಿಮಗೆ ಹೇಳಿಲ್ಲ ಅಷ್ಟೇ, ಕಲ್ಲಿಗೆ ಹೇಳಿದ್ದಾರೆ. ಈಗ ಗಿರಣಿ ಬಂದಿದೆ. ಬೀಸುವ ಕಲ್ಲು ವಾಪಸ್ ಬರಲಿ ಎಂದು ನಾನು ಖಂಡಿತ ಹೇಳುವುದಿಲ್ಲ, ಬೀಸಿದವರ ಭುಜಗಳನ್ನು ಕೇಳಿ ನೋಡಿ. ಆದರೆ ಆ ಎರಡು ತಾಸಿನ ಜೊತೆ ಈಗ ಎಲ್ಲಿ ಸಿಗುತ್ತದೆ?

ಒಬ್ಬ ತಾಯಿ ಕೇಳಿದರು. ‘ಸೊಸಿ ಹಡದು ಒಂದು ತಿಂಗಳಾತ್ರಿ. ಸುಮ್ಮ ಸುಮ್ಮನ ಅಳ್ತಾಳ. ಕೂಸಿನ ಕಡೆ ನೋಡಂಗಿಲ್ಲ. ಗಾಳಿ ಬಡದದ ಅಂತಾರ.’

ಹೆರಿಗೆಯಾದ ಮೊದಲ ಹತ್ತು ಹನ್ನೆರಡು ದಿನ ಕಣ್ಣೀರು ಬರುವುದು ಬಹಳ ಹೆಂಗಸರಿಗೆ ಇರುತ್ತದೆ, ತಾನಾಗಿ ಹೋಗುತ್ತದೆ. ಎರಡು ವಾರ ದಾಟಿದರೆ ತೋರಿಸಬೇಕು. ನಿಮ್ಮ ಸೊಸೆಗೆ ತಿಂಗಳಾಗಿದೆ, ನಾಳೆಯೇ ಕರೆದುಕೊಂಡು ಹೋಗಿ. ಹಾಲು ಕುಡಿಸುವ ತಾಯಂದಿರಿಗೂ ಕೊಡುವ ಮಾತ್ರೆಗಳಿವೆ. ರಾತ್ರಿ ಕೂಸನ್ನು ಸ್ವಲ್ಪ ಹೊತ್ತು ನೀವು ಎತ್ತಿಕೊಳ್ಳಿ, ಅವಳು ಮಲಗಲಿ. ಅವಳನ್ನೂ ಕೂಸನ್ನೂ ಒಂಟಿಯಾಗಿ ಬಿಡಬೇಡಿ. ನೀವು ಇಲ್ಲಿಗೆ ಬಂದು ಎಲ್ಲರ ಮುಂದೆ ಕೇಳಿದ್ದು ದೊಡ್ಡ ಕೆಲಸ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನ ಹುಡುಗನದು. ‘ಹಾಸ್ಟೆಲ್‌ನಾಗ ನಮ್ಮ ದೋಸ್ತ ಇದ್ದಾನ್ರಿ. ಕ್ಲಾಸಿಗೆ ಬರಂಗಿಲ್ಲ, ಊಟಾ ಬಿಟ್ಟಾನ. ಸಾಯಬೇಕು ಅನಸ್ತದ ಅಂತ ನನಗೊಬ್ಬನಿಗೇ ಹೇಳ್ಯಾನ. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕ್ಯಾನ. ನಾನು ಅದನ್ನ ಮತ್ತ ಕೇಳಿದ್ರ ಅವನ ತಲಿಯಾಗ ಅದೇ ಕೂಡ್ತದೇನ್ರಿ?’

ಇಲ್ಲಪ್ಪಾ, ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ‘ಈಗಲೂ ಹಂಗ ಅನಸ್ತದೇನು, ಹೆಂಗ ಸಾಯಬೇಕು ಅಂತ ಏನರೆ ವಿಚಾರ ಮಾಡೀಯೇನು’ ಎಂದು ನೇರವಾಗಿ ಕೇಳು. ಬಹಳ ಜನಕ್ಕೆ ಯಾರಾದರೂ ಕೇಳಿದರಲ್ಲ ಎಂದು ಹಗುರಾಗುತ್ತದೆ. ಆಣೆಯ ವಿಷಯ ಬಿಟ್ಟುಬಿಡು. ಅವನ ಪ್ರೇಮದ ಗುಟ್ಟು, ಮಾರ್ಕ್ಸಿನ ಗುಟ್ಟು ನಿನ್ನ ಹತ್ತಿರ ಇರಲಿ. ಜೀವದ ಗುಟ್ಟನ್ನು ಒಬ್ಬನೇ ಇಟ್ಟುಕೊಳ್ಳಬೇಡ. ಇವತ್ತೇ ವಾರ್ಡನ್‌ಗೋ, ನೀನು ನಂಬುವ ಮೇಷ್ಟ್ರಿಗೋ ಹೇಳು. ಅವನ ಮನೆಯವರಿಗೆ ಅವರು ತಿಳಿಸಲಿ. ಅವನು ನಿನ್ನ ಮೇಲೆ ಸಿಟ್ಟಾಗಬಹುದು, ಆಗಲಿ. ಇವತ್ತು ರಾತ್ರಿ ಅವನು ಒಬ್ಬನೇ ಮಲಗುವುದು ಬೇಡ, ನಿಮ್ಮಲ್ಲಿ ಒಬ್ಬರು ಅದೇ ರೂಮಿನಲ್ಲಿರಿ.

ಈಗಲೇ ಮೊಬೈಲ್‌ನಲ್ಲಿ ಬರೆದುಕೋ, ಉಳಿದವರೂ ಬರೆದುಕೊಳ್ಳಿ: 14416. ಟೆಲಿ ಮಾನಸ್ ಎಂದು ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಮೊದಲು ಸಮಾಲೋಚಕರು ಮಾತಾಡುತ್ತಾರೆ, ಬೇಕಾದರೆ ಮನೋವೈದ್ಯರಿಗೆ ಜೋಡಿಸುತ್ತಾರೆ. ಅವನು ಮಾಡಲು ಒಪ್ಪದಿದ್ದರೆ ನೀನೇ ಮಾಡು, ಏನು ಮಾಡಬೇಕೆಂದು ನಿನಗೆ ಹೇಳುತ್ತಾರೆ. ಸಭೆ ಮುಗಿದ ಮೇಲೆ ಹೋಗಿಬಿಡಬೇಡ, ಇಲ್ಲೇ ನಿಲ್ಲು. ನಿಮ್ಮ ವಾರ್ಡನ್ ಹತ್ತಿರ ಇಬ್ಬರೂ ಕೂಡಿ ಹೋಗೋಣ.